ಐನೀವ ಲೆಕ್ಕ

"ಅರವತ್ತೆಂಟು," ಎಂದು ಓಜೆಲಾ ಕೊನೆಯ ತಟ್ಟೆಯನ್ನು ಕಟ್ಟಿನ ಮೇಲಿಟ್ಟಳು. ಚರ್ಚಿನ ಹಿಂದಿನ ಊಟದ ಹಾಲಿನಲ್ಲಿ ಬೆಳಗ್ಗೆ ಒಂಬತ್ತಕ್ಕೇ ಸೆಕೆ ಹತ್ತಿತ್ತು.

"ನಾನು ಎಣಿಸಿದಾಗ ಎಪ್ಪತ್ತಿತ್ತಲ್ಲೇ," ಎಂದಳು ಬೇಯಿಸಿದ ಮೊಟ್ಟೆ ಸುಲಿಯುತ್ತಿದ್ದ ಮೇಜೆಲ್.

"ಹಂಗಾದ್ರೆ ನೀನೇ ಇನ್ನೊಂದ್ಸಲ ಎಣಿಸು ತಾಯಿ. ಆಮೇಲೆ ಐನೀವ ಲೆಕ್ಕ ಆಗೋದು ಬೇಡ."

ಅಂದ ಮೇಲೆ ಓಜೆಲಾ ನಾಲಿಗೆ ಕಚ್ಚಿಕೊಂಡಳು. ಐನೀವ ಗೋಡೆಯ ಆಚೆಗೇ ಇದ್ದಳು, ಪಾಸ್ಟರರ ಪೀಠದ ಮುಂದೆ, ಶವಪೆಟ್ಟಿಗೆಯಲ್ಲಿ, ಈಸ್ಟರಿಗೆಂದು ಹೊಲಿಸಿಕೊಂಡಿದ್ದ ತಿಳಿನೀಲಿ ಗೌನಿನಲ್ಲಿ. ಅವಳ ಗಂಡ, ಅಂದರೆ ಓಜೆಲಾಳ ಅಣ್ಣ ಲಾಂಜೊ ಟೀಗ್, ನೀರು ಕುಡಿಯಲು ಬಂದವನು ಬಾಗಿಲಲ್ಲೇ ನಿಂತಿದ್ದ.

"ಬಾಯಿ ತಪ್ಪಿ ಬಂತು ಲಾಂಜೊ. ಏನೂ ಅಂದ್ಕೋಬೇಡ."

"ನಾನೇನು ಅಂದ್ಕೊಳ್ಳಲಿ," ಎಂದ ಲಾಂಜೊ. ನೀರು ಕುಡಿಯದೆ ತಿರುಗಿ ಹೋದ.

ನಮ್ಮ ಕೌಂಟಿಯಲ್ಲಿ ಈ ಮಾತು ಹುಟ್ಟಿ ಮೂವತ್ತಾರು ವರ್ಷವಾಗಿದೆ. ಒಣಹಾಕಿದ ಹೊಗೆಸೊಪ್ಪಿನ ಕಟ್ಟು ಒಂದು ಕಡಿಮೆ ಬಿದ್ದರೆ ಐನೀವ ಲೆಕ್ಕ. ಬೇಸ್‌ಬಾಲಿನಲ್ಲಿ ಅಂಪೈರ್ ಎಡವಿದರೆ ಐನೀವ ಲೆಕ್ಕ. ಐನೀವ ಯಾರು ಎಂದು ಕೇಳಿದರೆ ತಲೆ ಕೆರೆದುಕೊಳ್ಳುವ ಪಡ್ಡೆಗಳ ಬಾಯಲ್ಲೂ ಅದೇ. ಆ ಮಾತನ್ನು ಹುಟ್ಟಿಸಿದವನು ಲಾಂಜೊ. ಅದು ಸುಳ್ಳು ಎನ್ನುವುದೂ ಅವನಿಗೆ ಗೊತ್ತಿತ್ತು. ಹೆಂಡತಿ ಬದುಕಿರುವಾಗ ಬಾಯಿ ಬಿಡಲಾಗಲಿಲ್ಲ. ಅವಳನ್ನು ಮಣ್ಣಿಗಿಡುವ ಮೊದಲಾದರೂ ಎಲ್ಲರೆದುರು ಹೇಳಿಬಿಡಬೇಕೆಂದು ಮೂರು ದಿನಗಳಿಂದ ಒದ್ದಾಡುತ್ತಿದ್ದ.

*

ಅದು ೧೯೫೦ರ ಆಗಸ್ಟ್. ನಾರ್ತ್ ಕ್ಯಾರೊಲಿನಾದ ಈ ಕಡೆ ಆಗ ಯಾರ ಹೊಲ ಸಪಾಟಾಗಿದ್ದರೂ ಅದರಲ್ಲೊಂದು ಮೊಟ್ಟೆಯಾಕಾರದ ರಸ್ತೆ ಕೆತ್ತಿ, ಹಲಗೆಬೇಲಿ ಹಾಕಿ, ಭಾನುವಾರ ಮಧ್ಯಾಹ್ನ ಕಾರು ಓಡಿಸುತ್ತಿದ್ದರು. ರೇಸಿಗೆಂದೇ ಮಾಡಿದ ಕಾರುಗಳಲ್ಲ. ವಾರವೆಲ್ಲ ಮಿಲ್ಲಿಗೆ ಹೋಗಿಬರುತ್ತಿದ್ದ ಕಾರಿನದೇ ಬಾಗಿಲನ್ನು ಬೆಲ್ಟಿನಿಂದ ಬಿಗಿದು, ದೀಪ ಕಳಚಿ, ಮೈಮೇಲೆ ನಂಬರು ಬರೆದರೆ ಆಯಿತು. ಲಾಂಜೊನ ಫೋರ್ಡಿಗೆ ಹದಿನೇಳನೆಯ ನಂಬರು.

ಸುತ್ತು ಎಣಿಸುವ ಕೆಲಸ ಹೆಂಗಸರದು. ಪ್ರತಿ ಕಾರಿಗೂ ಒಬ್ಬಳು, ಹೆಚ್ಚಾಗಿ ಓಡಿಸುವವನ ಹೆಂಡತಿ ಅಥವಾ ತಂಗಿ. ಓಟ ಶುರುವಾಗಿ ಮುಗಿಯುವ ಗೆರೆಯ ಎದುರಿನ ಅಟ್ಟಣಿಗೆಯಲ್ಲಿ ಸಾಲಾಗಿ ಕೂರಬೇಕು. ಎದುರಿಗೊಂದು ದೊಡ್ಡ ಗಡಿಯಾರ, ತೊಡೆಯ ಮೇಲೆ ಒಂದು ಕಾರ್ಡು. ತನ್ನ ಕಾರು ಗೆರೆ ದಾಟಿದಾಗಲೆಲ್ಲ ಗಂಟೆ, ನಿಮಿಷ, ಸೆಕೆಂಡು ಬರೆಯಬೇಕು. ಯಾರ ಕಾರ್ಡಿನಲ್ಲಿ ಮೊದಲು ನೂರು ತುಂಬಿತೋ ಅವನು ಗೆದ್ದ. ಕಣ್ಣು ರೆಪ್ಪೆ ಬಡಿದರೆ ಸುತ್ತು ಹೋಯಿತು. ಐನೀವ ಆಗ ಇಪ್ಪತ್ತೆರಡರ ಹುಡುಗಿ. ಕಾಲುಚೀಲದ ಮಿಲ್ಲಿನಲ್ಲಿ ಡಜನ್ ಕಟ್ಟುವ ಮೇಜಿನವಳು. ದಿನಕ್ಕೆ ನಾನೂರು ಡಜನ್ ಕಟ್ಟಿದರೂ ಒಂದು ಜೊತೆ ಹೆಚ್ಚುಕಡಿಮೆ ಆಗುತ್ತಿರಲಿಲ್ಲ.

ಅರವತ್ತಮೂರನೆಯ ಸುತ್ತಿನಲ್ಲಿ ಲಾಂಜೊ ಎಲ್ಲರಿಗಿಂತ ಮುಂದಿದ್ದ. ಅವನ ಬೆನ್ನಿಗೇ ಗಾರ್ಲಂಡ್ ಪ್ರೆವೆಟ್. ಅಟ್ಟಣಿಗೆಗೆ ಕಾಣದ ಆಚೆ ಬದಿಯಲ್ಲಿ ಫೋರ್ಡು ಗಿರ್ರನೆ ತಿರುಗಿ, ಬೇಲಿಗೆ ಮೂತಿ ಹಚ್ಚಿ, ಇಂಜಿನ್ ಆರಿಹೋಯಿತು. ಕೆಂಪು ಧೂಳಿನಲ್ಲಿ ತನ್ನ ಕೈ ತನಗೆ ಕಾಣದು. ಲಾಂಜೊ ಸ್ಟಾರ್ಟರ್ ಒತ್ತಿದ, ಬೈದ, ಮತ್ತೆ ಒತ್ತಿದ. ಇಂಜಿನ್ ಮತ್ತೆ ಶುರುವಾಗಿ ಅವನು ಹಾದಿಗೆ ಬೀಳುವಷ್ಟರಲ್ಲಿ ಗಾರ್ಲಂಡ್ ಒಂದು ಪೂರ್ತಿ ಸುತ್ತು ಹಾಕಿ ಮತ್ತೆ ಅವನ ಬೆನ್ನಿಗೇ ಬಂದಿದ್ದ. ಅಷ್ಟು ಕಾರುಗಳ ಧೂಳಿನಲ್ಲಿ ಆ ಒಂದು ಸುತ್ತನ್ನು ಯಾರೂ ಗಮನಿಸಲಿಲ್ಲ. ಜನರ ಕಣ್ಣಿಗೆ ಏನೂ ಬದಲಾಗಿರಲಿಲ್ಲ: ಮುಂದೆ ಹದಿನೇಳು, ಹಿಂದೆ ಗಾರ್ಲಂಡ್. ಕೊನೆಯವರೆಗೂ ಹಾಗೆಯೇ ಓಡಿದರು. ಬಾವುಟ ಹಿಡಿದವನೂ ಲಾಂಜೊನಿಗೇ ಬೀಸಿದ. ಮಿಲ್ಲಿನವರೆಲ್ಲ ಬೇಲಿ ಹಾರಿ ಬಂದು ಅವನನ್ನು ಹೆಗಲ ಮೇಲೆ ಎತ್ತಿಕೊಂಡರು.

ಅರ್ಧ ಗಂಟೆಯ ಮೇಲೆ ಕಾರ್ಡುಗಳನ್ನು ನೋಡಿದ ತೀರ್ಪುಗಾರರು ಗಾರ್ಲಂಡ್ ಗೆದ್ದನೆಂದರು. ಹದಿನೇಳರದು ತೊಂಬತ್ತೊಂಬತ್ತೇ ಸುತ್ತು.

ಹೆಗಲಿಂದ ಇಳಿದ ಲಾಂಜೊ ಅಟ್ಟಣಿಗೆಯ ಬುಡಕ್ಕೆ ಹೋದ. ಹಿಂದೆ ಇನ್ನೂರು ಜನ.

"ಒಂದು ಸುತ್ತು ಏನಾದ್ರೂ ಬಿಟ್ರಾ, ಮಿಸೆಸ್ ಟೀಗ್?" ಎಂದು ತೀರ್ಪುಗಾರ ಕೇಳಿದ.

"ಇಲ್ಲ," ಎಂದಳು ಐನೀವ. "ಒಂದು ಸುತ್ತು ಬರೋದು ತಡ ಆಯ್ತು. ಎಲ್ಲೋ ನಿಂತಿದ್ರು ಅನ್ಸುತ್ತೆ."

ಅವಳು ಗಂಡನ ಕಡೆ ನೋಡಿದಳು. ಅವನು ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಇನ್ನೂರು ಜನ ಆಗಷ್ಟೇ ಅವನನ್ನು ಹೊತ್ತು ಕುಣಿದಿದ್ದರು.

"ನಾನೆಲ್ಲೂ ನಿಂತಿಲ್ಲ," ಎಂದ ಲಾಂಜೊ. "ಅವಳೇ ಬಿಟ್ಟಿದಾಳೆ. ಎಣಿಸೋಕೆ ಬರಲ್ಲ ಅವಳಿಗೆ."

ಐನೀವ ಕಾರ್ಡನ್ನೇ ಬಹಳ ಹೊತ್ತು ನೋಡಿದಳು. ಗಂಡಹೆಂಡಿರಲ್ಲಿ ಒಬ್ಬರ ಮಾತು ಸುಳ್ಳಾಗಲೇಬೇಕಿತ್ತು.

"ಧೂಳಿತ್ತು," ಎಂದಳು. "ಬಿಟ್ಟಿರಬಹುದು."

ಕಾರ್ಡಿನಲ್ಲಿ ಬರೆದದ್ದೇ ಕೊನೆ ಎಂಬುದು ನಿಯಮ. ಬಹುಮಾನದ ಕಪ್ ಗಾರ್ಲಂಡನಿಗೆ ಹೋಯಿತು. ಹೆಂಡತಿಯಿಂದ ಸೋತ ಶೂರ ಎಂಬ ಹೆಸರು ಲಾಂಜೊನಿಗೆ ಬಂತು. ಎರಡನೆಯದೇ ಹೆಚ್ಚು ದಿನ ಬಾಳಿತು. ಕ್ಷೌರದಂಗಡಿಯಲ್ಲಿ ಅವನು ಕತೆ ಹೇಳಿದಷ್ಟು ಸಲವೂ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಐನೀವ ಮತ್ತೆ ಯಾವ ಅಟ್ಟಣಿಗೆಯನ್ನೂ ಹತ್ತಲಿಲ್ಲ. ಮಿಲ್ಲಿನಲ್ಲಿ ಮೇಜುಗಳ ಮೇಲ್ವಿಚಾರಕಿಯ ಜಾಗ ಖಾಲಿಯಾದಾಗ ಅವಳೂ ಕೇಳಿದಳು. ಮ್ಯಾನೇಜರು ನಕ್ಕು, ನಿನ್ನ ಕೈಗೆ ಲೆಕ್ಕ ಕೊಟ್ಟರೆ ಊರು ನನ್ನನ್ನು ಬಿಟ್ಟೀತೇ ಎಂದನಂತೆ. ಮನೆಗೆ ಬಂದು ಅದನ್ನು ಹೇಳುವಾಗ ಅವಳೂ ನಕ್ಕಿದ್ದಳು. ಲಾಂಜೊ ಆಗ ಊಟ ಮಾಡುತ್ತಿದ್ದ. ಊಟ ಮುಂದುವರಿಸಿದ.

*

ಪಾಸ್ಟರು ಊರಿಗೆ ಹೊಸಬರು. ಸತ್ತವರ ಬಗ್ಗೆ ಒಂದು ನಗೆಯ ಮಾತು ಹೇಳಿದರೆ ದುಃಖ ಹಗುರಾಗುತ್ತದೆಂದು ನಂಬಿದವರು.

"ಸಿಸ್ಟರ್ ಐನೀವ ಈಗ ಸ್ವರ್ಗದ ಮುತ್ತಿನ ಬಾಗಿಲ ಹತ್ರ ನಿಂತಿರ್ತಾರೆ," ಎಂದರು. "ಬಾಗಿಲು ಕಾಯೋ ಸಂತ ಪೀಟರು ಪಾಪಪುಣ್ಯದ ಲೆಕ್ಕ ಎಲ್ಲಾ ಅವರ ಕೈಗೇ ಕೊಡಬೇಕು ಅಂತ ಹೊರಟು, ಹೆಸರು ಕೇಳಿ, ಪುಸ್ತಕ ವಾಪಸ್ ಇಸ್ಕೊಂಡಿರ್ತಾರೆ."

ಜನ ಮೆಲ್ಲಗೆ, ಪ್ರೀತಿಯಿಂದಲೇ ನಕ್ಕರು. ಮುಂದಿನ ಬೆಂಚಿನಲ್ಲಿದ್ದ ಮಗಳು ನೆಲ್ಡಾ ಮಾತ್ರ ನಗಲಿಲ್ಲ. ಎಣಿಸಲು ಬಾರದವಳ ಮಗಳು ಎಂದು ಶಾಲೆಯಲ್ಲಿ ಕರೆಸಿಕೊಂಡವಳು ಅವಳು.

ಲಾಂಜೊ ಬೆಂಚಿನ ಬೆನ್ನು ಹಿಡಿದು ಎದ್ದು ನಿಂತ.

"ಅವಳು ಸರಿಯಾಗೇ ಎಣಿಸಿದ್ಲು," ಎಂದ. "ನಾನು ಆಚೆ ಬದೀಲಿ ನಿಂತುಹೋಗಿದ್ದೆ. ಒಂದು ಸುತ್ತು ಪೂರ್ತಿ. ಅವತ್ತು ಸುಳ್ಳು ಹೇಳಿದೋನು ನಾನು."

ಬೀಸಣಿಗೆಗಳು ನಿಂತವು. ಆಮೇಲೆ ಹಿಂದಿನ ಸಾಲಿನಲ್ಲಿ ಯಾರೋ ಮೂಗು ಸೀಟಿದರು. ಓಜೆಲಾ ಎದ್ದು ಬಂದು ಅಣ್ಣನ ತೋಳು ಹಿಡಿದಳು.

"ಕೂತ್ಕೋ ಲಾಂಜೊ. ಎಲ್ರಿಗೂ ಗೊತ್ತು ನೀನು ಅವಳನ್ನ ಎಷ್ಟು ಹಚ್ಕೊಂಡಿದ್ದೆ ಅಂತ."

"ನಾನು ಹೇಳ್ತಿರೋದು ನಿಜ ಕಣೇ."

"ಆಯ್ತು, ಆಯ್ತು. ಕೂತ್ಕೋ."

"ನೋಡಿ," ಎಂದರು ಪಾಸ್ಟರು, ಕಣ್ಣು ಒದ್ದೆ ಮಾಡಿಕೊಂಡು. "ಹೆಂಡತಿ ತಪ್ಪನ್ನ ತನ್ನ ತಲೆ ಮೇಲೆ ಹಾಕ್ಕೊಳ್ತಾರೆ ಬ್ರದರ್ ಲಾಂಜೊ. ಪ್ರೀತಿ ಅಂದ್ರೆ ಇದು. ಆಮೆನ್."

"ಆಮೆನ್," ಎಂದಿತು ಚರ್ಚು. ಆ ಸುಳ್ಳು ಅವನಿಗೆ ಶೂರನೆಂಬ ಹೆಸರು ತಂದಿತ್ತು. ಈಗ ನಿಜ ಹೇಳಿದರೆ ಒಳ್ಳೆಯ ಗಂಡನೆಂಬ ಹೆಸರೂ ಬಂದು ಸೇರಿತು. ಐನೀವಳ ಪಾಲಿಗೆ ಏನೂ ಬರಲಿಲ್ಲ.

*

ಮಣ್ಣು ಮುಚ್ಚಿ ಪಾಸ್ಟರು ಪ್ರಾರ್ಥನೆ ಮುಗಿಸುತ್ತಲೇ ಜನ ಊಟದ ಹಾಲಿನ ಕಡೆ ಇಳಿದರು. ಕರಿದ ಕೋಳಿಯ ವಾಸನೆ ದಿಬ್ಬದ ಮೇಲಿನ ಸಮಾಧಿಯವರೆಗೂ ಬರುತ್ತಿತ್ತು. ಸೀಡರ್ ಮರದ ನೆರಳಿನಲ್ಲಿ ಲಾಂಜೊ ಉಳಿದ. ಸ್ವಲ್ಪ ಹೊತ್ತಿಗೆ ಊರುಗೋಲು ಊರಿಕೊಂಡು ಗಾರ್ಲಂಡ್ ಪ್ರೆವೆಟ್ ಬಂದ. ಇಬ್ಬರಿಗೂ ಅರವತ್ತು ದಾಟಿತ್ತು. ರೇಸು ಬಿಟ್ಟು ಗಾರ್ಲಂಡ್ ಟ್ರಾಕ್ಟರ್ ರಿಪೇರಿ ಹಿಡಿದಿದ್ದ. ಲಾಂಜೊನ ಜೊತೆ ಹವಾಮಾನದ ಮಾತು ಬಿಟ್ಟು ಬೇರೆ ಆಡಿದವನಲ್ಲ.

"ಯಾರೂ ನಂಬಲಿಲ್ಲ," ಎಂದ ಲಾಂಜೊ.

"ಅಷ್ಟು ಚೆನ್ನಾಗಿ ಹೇಳಿಟ್ಟಿದ್ದೆ ಮಾರಾಯ ನೀನು. ಮೂವತ್ತಾರು ವರ್ಷ."

"ನಿನಗೆ ಗೊತ್ತಿತ್ತಾ?"

"ನಿನ್ನ ಬಂಪರ್ ಸವರ್ಕೊಂಡು ಹೋದೋನು ನಾನು. ಗೊತ್ತಿರದೆ ಏನು? ಸ್ಟಾರ್ಟರ್ ಒತ್ತುತಾ ಬಾಯಿಗೆ ಬಂದಂಗೆ ಬೈತಾ ಇದ್ದೆ."

"ಮತ್ತೆ ಬಾಯಿ ಯಾಕೆ ಬಿಡ್ಲಿಲ್ಲ?"

ಗಾರ್ಲಂಡ್ ಹಸಿ ಮಣ್ಣಿನ ಕಡೆ ಗದ್ದ ಎತ್ತಿ ತೋರಿಸಿದ. "ಅವಳು ಬೇಡ ಅಂದ್ಲು. ರೇಸಾದ ಮಾರನೇ ದಿನ ಮಿಲ್ಲಿಂದ ಸೀದಾ ನಮ್ಮನೆಗೆ ಬಂದಿದ್ಲು. ಒಳಗೂ ಬರಲಿಲ್ಲ. ನಾನು ಸರಿಯಾಗಿ ಎಣಿಸಿದೀನಾ ಅಂತ ಒಂದೇ ಮಾತು ಕೇಳಿದ್ಲು. ಸರಿಯಾಗೇ ಎಣಿಸಿದೀಯ, ನಿನ್ನ ಗಂಡ ನಿಂತಿದ್ದ, ನಾನೇ ನೋಡಿದೆ ಅಂದೆ."

ತನಗೂ ಕಣ್ತಪ್ಪಿದೆ ಎಂದು ಅವಳು ನಂಬಿಕೊಂಡೇ ಬಾಳಿದಳು, ಅಷ್ಟರ ಮಟ್ಟಿಗೆ ಅವಳಿಗೆ ನೋವಿರಲಿಲ್ಲ ಎಂದು ಲಾಂಜೊ ಇಷ್ಟು ವರ್ಷ ತನಗೆ ತಾನೇ ಹೇಳಿಕೊಂಡು ಬಂದಿದ್ದ.

"ಆಮೇಲೆ?"

"ಆಮೇಲೇನು. ಕಪ್ ಹೆಂಗೂ ನನ್ನ ಹತ್ರಾನೇ ಇದೆ, ನಾನೇ ಎಲ್ರಿಗೂ ಹೇಳ್ತೀನಿ ಅಂದೆ. ಬೇಡ, ನಮ್ಮನೆಯವರೇ ಹೇಳ್ತಾರೆ, ಅವರು ಹೇಳೋವರೆಗೆ ನೀನು ಬಾಯಿ ಬಿಡಬಾರದು ಅಂತ ಮಾತು ತಗೊಂಡ್ಲು. ಆವಾಗಾವಾಗ ಚರ್ಚಲ್ಲಿ ಸಿಗ್ತಿದ್ಲು. ನಾನು ಹುಬ್ಬು ಹಾರಿಸಿ ಕೇಳ್ತಿದ್ದೆ. ಇನ್ನೂ ಇಲ್ಲ ಅಂತ ತಲೆ ಆಡಿಸ್ತಿದ್ಲು. ಹೋದ ತಿಂಗಳೂ ಕೇಳಿದ್ದೆ."

ಲಾಂಜೊನಿಗೆ ಅಳು ಬಂತು. ತಡೆಯಲು ನೋಡಲಿಲ್ಲ. ಗಾರ್ಲಂಡ್ ಅವನ ಭುಜ ಮುಟ್ಟಲಿಲ್ಲ.

"ಈಗ ಹೇಳಿದೀನಲ್ಲ," ಎಂದ ಲಾಂಜೊ ಕೊನೆಗೆ. "ನಿನ್ನ ಮಾತು ತೀರಿತು. ಹೋಗಿ ಹೇಳು."

"ಅಲ್ಲಿ ನಿನ್ನ ಮಗಳಿದಾಳೆ."

"ಅವಳೆದುರೇ ಹೇಳು."

ಗಾರ್ಲಂಡ್ ಇಳಿಜಾರಿನಲ್ಲಿ ನಿಧಾನ ಇಳಿದು ಹಾಲಿನ ಒಳಗೆ ಹೋದ. ಉದ್ದನೆಯ ಕಿಟಕಿಗಳಲ್ಲಿ ಎಲ್ಲವೂ ಕಾಣುತ್ತಿತ್ತು. ಮೇಜೆಲ್ ಅವನಿಗೆ ತಟ್ಟೆ ಚಾಚಿದಳು; ಅವನು ತೆಗೆದುಕೊಳ್ಳಲಿಲ್ಲ. ಊರುಗೋಲಿನಿಂದ ನೆಲ ಕುಟ್ಟಿದನೆಂದು ಕಾಣುತ್ತದೆ, ಎಲ್ಲರೂ ಅವನ ಕಡೆ ತಿರುಗಿದರು. ಅವನು ಮಾತಾಡತೊಡಗಿದ. ತಣ್ಣನೆಯ ಟೀ ಬಗ್ಗಿಸುತ್ತಿದ್ದ ಓಜೆಲಾಳ ಕೈ ಹೂಜಿಯ ಮೇಲೆ ಹಾಗೆಯೇ ನಿಂತಿತು. ಪಾಸ್ಟರು ಅಗಿಯುವುದನ್ನು ನಿಲ್ಲಿಸಿದರು.

ಮೊದಲು ಕಿಟಕಿಯ ಕಡೆ ತಿರುಗಿದವಳು ನೆಲ್ಡಾ. ಗಾಜಿನ ಹತ್ತಿರವೇ ಬಂದು ನಿಂತಳು. ಅವಳ ಹಿಂದೆ ಒಂದೊಂದೇ ಮುಖ ಹೊರಗೆ, ಮರದ ಬುಡಕ್ಕೆ ತಿರುಗತೊಡಗಿತು. ಲಾಂಜೊ ಸೀಡರಿನ ನೆರಳು ಬಿಟ್ಟು ಎರಡು ಹೆಜ್ಜೆ ಮುಂದೆ ಬಿಸಿಲಿಗೆ ಬಂದ, ಅವರಿಗೆ ಸರಿಯಾಗಿ ಕಾಣುವಂತೆ ಟೋಪಿ ತೆಗೆದು ನಿಂತ.