ಫೆಲಿಸ್ಬೆರ್ತುವಿನ ಎಡಪಕ್ಕೆ

ಫೆಲಿಸ್ಬೆರ್ತು ನಲವತ್ತೊಂದು ಬೇಸಿಗೆ, ಬಾಟಲಿಯ ಬಿರಡೆಗೆಂದು ಕಾರ್ಕ್ ಮರದ ತೊಗಟೆ ಸುಲಿದವನು. ಆ ವರ್ಷ ಜೂನ್ ಕೊನೆಯಲ್ಲಿ, ಏಣಿಯ ಮೇಲೆ ಕೊಡಲಿ ಎತ್ತಿದಾಗ, ಬೆನ್ನಿನಿಂದ ಎಡಪಕ್ಕೆಗೆ ಚುರ್ರೆಂದು ಉರಿ ಹರಿಯಿತು. ಅಂಗಿ ಎತ್ತಿ ನೋಡಿದರೆ ಏನೂ ಇಲ್ಲ.

"ಉಳುಕಿರ್ಬೇಕು ಬಿಡು," ಎಂದ ಜೊತೆಗಾರ ಎವರಿಸ್ತು. "ಅರವತ್ಮೂರರಲ್ಲೂ ಕೋತಿ ಥರ ಮರ ಹತ್ತಿದ್ರೆ ಇನ್ನೇನಾಗುತ್ತೆ?"

ಮೂರನೆಯ ದಿನ ಬಟ್ಟೆ ತಾಗಿದರೂ ಸುಟ್ಟಂತಾಗುತ್ತಿತ್ತು. ಹೃದಯವೇ ಕೈಕೊಡುತ್ತಿದೆ ಎಂದು ಹೆದರಿ ಅವನು ಯಾರಿಗೂ ಹೇಳಲಿಲ್ಲ. ನಾಲ್ಕನೆಯ ಬೆಳಿಗ್ಗೆ ಹೆಂಡತಿ ಜುಲ್ಮೀರ ನೋಡಿದಳು: ಬೆನ್ನುಮೂಳೆಯ ಪಕ್ಕದಿಂದ ಹೊಟ್ಟೆಯವರೆಗೆ ಕೆಂಪು ಪಟ್ಟಿ, ಅದರ ಮೇಲೆ ನೀರುಗುಳ್ಳೆಗಳ ಗೊಂಚಲು.

"ಅಯ್ಯೋ, ಸರ್ಪಸುತ್ತು! ಒಣಗ್ಹಾಕಿದ್ದ ಅಂಗಿ ಮೇಲೆ ಹಾವು ಹರಿದಿರ್ಬೇಕು. ಸುತ್ತಿನ ತಲೆ ಬಾಲ ಕೂಡಿದ್ರೆ ನೀನು ಉಳಿಯಲ್ಲ. ನಡಿ, ಗ್ರಾಸಿಂದ ಅತ್ತೆ ಹತ್ರ."

ಗ್ರಾಸಿಂದ ಅತ್ತೆ ಊರಿಗೆಲ್ಲ ಮಂತ್ರದಿಂದ ಸರ್ಪಸುತ್ತು 'ಕೊಯ್ಯುವ' ಮುದುಕಿ. ಕನ್ನಡಕ ಏರಿಸಿ ನೋಡಿದಳು. ಗುಳ್ಳೆಗಳ ಮೇಲೆ, ತಾಗದಂತೆ, ಗಾಳಿಯಲ್ಲೇ ಚಾಕುವಿನಿಂದ ಒಂಬತ್ತು ಶಿಲುಬೆ ಎಳೆದು ಪ್ರಾರ್ಥನೆ ಗೊಣಗಿದಳು. ಆಮೇಲೆ ಚಾಕು ಒರೆಸಿಟ್ಟಳು.

"ನನ್ನ ಕೆಲಸ ಆಯ್ತು. ಈಗ ಸೀದಾ ಡಾಕ್ಟರ್ ಹತ್ರ ಹೋಗು."

"ಮತ್ತೆ ನೀವು ಕೊಯ್ದಿದ್ದು?"

"ಅದು ಧೈರ್ಯಕ್ಕೆ ಕಣೋ. ಗುಳ್ಳೆ ಎದ್ದ ಮೂರು ದಿನದೊಳಗೆ ಮಾತ್ರೆ ಶುರುವಾಗ್ಬೇಕು. ನನ್ನ ತಂಗೀನ ನಾನೇ ಹೋಗಬೇಡ ಅಂದಿದ್ದೆ. ಎರಡು ವರ್ಷ ನರಳಿದ್ಲು."

ಅದನ್ನು ಅವಳು ಹಿಂದೆ ಯಾರಿಗೂ ಹೇಳಿರಲಿಲ್ಲ. ಜುಲ್ಮೀರ ಅವನನ್ನು ಅಲ್ಲಿಂದಲೇ ಡಾಕ್ಟರ ಬಳಿ ಕರೆದೊಯ್ದಳು.

ಡಾಕ್ಟರು ಇನ್ನೂ ಎಳೆ ಹುಡುಗಿ. "ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು ಆಗಿತ್ತಲ್ವಾ?" ಎಂದು ಕೇಳಿದಳು. "ಆ ವೈರಸ್ ಮೈ ಬಿಟ್ಟು ಹೋಗಿರಲ್ಲ. ನರದ ಬುಡದಲ್ಲಿ ಮಲಗಿರುತ್ತೆ. ವಯಸ್ಸಾಗಿ ಮೈಯ ಕಾವಲು ಸಡಿಲಾದಾಗ ಎದ್ದು, ಅದೇ ನರ ಹಿಡ್ಕೊಂಡು ಚರ್ಮಕ್ಕೆ ಬರುತ್ತೆ. ನಿಮಗೆ ಮೊದಲು ನೋವು, ಆಮೇಲೆ ಗುಳ್ಳೆ ಬಂದಿದ್ದು ಅದಕ್ಕೇ."

"ಸುತ್ತು ಕೂಡುತ್ತಾ?"

"ಇಲ್ಲ. ಎಡಗಡೆ ನರ ಬಲಗಡೆಗೆ ಹೋಗಲ್ಲ. ಈ ಮಾತ್ರೆ ಇವತ್ತೇ ಶುರು ಮಾಡಿ. ಗುಳ್ಳೆ ಒಣಗೋವರೆಗೆ ಮುಚ್ಚಿಡಿ. ಸೀತಾಳೆ ಆಗದಿರೋ ಬಸುರಿಯರು ಹತ್ತಿರ ಬರೋದು ಬೇಡ."

ಮಗಳು ಒಫೆಲಿಯಾ ಆಗ ಏಳು ತಿಂಗಳ ಬಸುರಿ, ಅವಳಿಗೆ ಸೀತಾಳೆ ಆಗಿರಲಿಲ್ಲ. ಎವೊರಾ ಪಟ್ಟಣದಿಂದ ಬರಲು ಹೊರಟಿದ್ದವಳನ್ನು ಅವನೇ ಫೋನಿನಲ್ಲಿ ಗದರಿ ನಿಲ್ಲಿಸಿದ.

ಗುಳ್ಳೆಗಳು ಮಬ್ಬಾದವು, ಒಡೆದವು, ಹತ್ತು ದಿನಕ್ಕೆ ಹಕ್ಕಳೆಗಟ್ಟಿ ಆಮೇಲೆ ಉದುರಿದವು. ಉರಿ ಮಾತ್ರ ಉಳಿಯಿತು. ತೊಗಟೆ ಸುಲಿಯುವ ಕಾಲವೆಲ್ಲ ಅವನು ಬರಿಮೈಯಲ್ಲಿ ಹೊಸ್ತಿಲ ಮೇಲೆ ಕುಳಿತಿದ್ದ. ತೊಗಟೆ ಹೇರಿದ ಲಾರಿ ಬಂದರೆ ಒಳಗೆ ಎದ್ದುಹೋಗುತ್ತಿದ್ದ. ಆಗಸ್ಟಿನಲ್ಲಿ ಜುಲ್ಮೀರಳ ಸವೆದ ರಾತ್ರಿಯಂಗಿಯೊಂದೇ ಅವನ ಮೈ ಸಹಿಸಿದ್ದು.

"ಚೆನ್ನಾಗಿ ಒಪ್ಪುತ್ತೆ ಕಣೋ," ಎಂದ ಎವರಿಸ್ತು. ನಕ್ಕರೆ ಪಕ್ಕೆ ನೋಯುತ್ತಿತ್ತು. ಆದರೂ ಫೆಲಿಸ್ಬೆರ್ತು ನಕ್ಕ.

ಅಕ್ಟೋಬರಿನಲ್ಲಿ ಒಫೆಲಿಯಾ ಕೂಸನ್ನು ತಂದಳು. ಅಪ್ಪನ ಕೈಗೆ ಕೊಡಲು ಹೋಗಿ ತಡೆದು ನಿಂತಳು.

"ಇನ್ನೂ ನೋವಿದ್ಯಾ, ಅಪ್ಪ?"

"ಇದೆ," ಎಂದು ಅವನು ಅಂಗಿಯ ತೋಳು ಸರಿಮಾಡಿಕೊಂಡ. "ಬಲಗಡೆ ಕೊಡು."