ಬೂಜಿಗೆ ಹೊಡೆದ ಬೋರ್ಡೋ

ಆಲ್ದೂರಿನಾಚೆಯ ಒಂದು ಕಾಫಿ ತೋಟದಲ್ಲಿ ಪಂಪಿನ ಡೀಸೆಲ್ ಟ್ಯಾಂಕು ಸೋರಿ, ಕೂಲಿಯವರ ಮನೆಸಾಲಿನ, ಅಂದರೆ ಲೈನಿನ, ಬಾವಿ ನಾತ ಹೊಡೆದರೂ ಧಣಿ ಓಂಕಾರಮೂರ್ತಿಯವರು ಅಲುಗಲಿಲ್ಲ. ಅವರ ಬಂಗಲೆಗೆ ಬೇರೆ ನೀರಿತ್ತು. ಲೈನಿನ ಹೆಂಗಸರು ಹಳ್ಳಕ್ಕಿಳಿದು ಕೊಡ ಹೊತ್ತು ಸೋತು, ಕೆಲಸಕ್ಕೇ ಬರುವುದಿಲ್ಲವೆಂದು ಕೂತಾಗ ಮಾತ್ರ ಚಿಕ್ಕಮಗಳೂರಿನಿಂದ ಮಣ್ಣು ಪರೀಕ್ಷೆಯ ಮೇಘಶ್ರೀಯನ್ನು ಕರೆಸಿದರು.

ಮೇಘಶ್ರೀ ಡೀಸೆಲ್ ಕುಡಿದ ಮಣ್ಣನ್ನೆಲ್ಲ ಅಗೆಸಿ, ಸಗಣಿ, ಕಾಫಿ ಸಿಪ್ಪೆ ಬೆರೆಸಿ, ಟಾರ್ಪಾಲಿನ ಮೇಲೆ ರಾಶಿ ಹಾಕಿಸಿದಳು.

"ಡೀಸೆಲ್ ತಿನ್ನೋ ಜೀವಾಣು ಈ ಮಣ್ಣಲ್ಲೇ ಇದಾವೆ ಮೇಸ್ತ್ರಿಗಳೇ. ದನ ಸಾಕಿದ ಹಾಗೆ ಸಾಕಿ," ಎಂದಳು ತಿಮ್ಮಪ್ಪನಿಗೆ.

ತಿಮ್ಮಪ್ಪ ರಾಶಿ ಮಗುಚುತ್ತಿದ್ದ. ಲೈನಿನ ತಂಗಮ್ಮ ಬಾವಿಯ ಕೆಟ್ಟ ನೀರನ್ನೇ ಸೇದಿ ಅದಕ್ಕೆ ಚಿಮುಕಿಸುತ್ತಿದ್ದಳು. ಜೀವಾಣುಗಳು ಮೇಯತೊಡಗಿ ರಾಶಿ ಬೆಚ್ಚಗಾಯಿತು. ನಾತ ಇಳಿಯುತ್ತ ಬಂತು.

ಮುಂಗಾರಿಗೆ ಮುಂಚೆ ರಾಶಿಯ ಮೇಲೆ ಬಿಳಿ ಬೂಜು ಎದ್ದಿತು. ಬೂಜು ಕಂಡರೆ ಕೊಳೆರೋಗ, ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ. ತಿಮ್ಮಪ್ಪನ ಕೈಗೆ ಗೊತ್ತಿದ್ದದ್ದು ಅಷ್ಟೇ. ಗಿಡಗಳಿಗೆ ಹೊಡೆದು ಡ್ರಮ್ಮಿನಲ್ಲಿ ಉಳಿದದ್ದನ್ನು ಯಾರನ್ನೂ ಕೇಳದೆ ರಾಶಿಗೆ ತೋಯುವಷ್ಟು ಹೊಡೆದ. ಆಮೇಲೊಂದು ದಿನ ಒಳಗೆ ಕೈ ಹಾಕಿದರೆ ಹೆಣದ ಮೈಯಂತೆ ತಣ್ಣಗಿತ್ತು. ಬೂಜು ಕೊಲ್ಲುವ ಮದ್ದು ಸಾಕಿದ್ದನ್ನೂ ಕೊಲ್ಲದೆ ಬಿಡುತ್ತದೆಯೇ? ಅರ್ಥವಾಯಿತು. ಆದರೂ ಬಾಯಿ ಬಿಡಲಿಲ್ಲ.

ಮೇಘಶ್ರೀ ಬಂದು ರಾಶಿ ಮುಟ್ಟಿ ಬೆಚ್ಚಿದಳು. "ಇದಕ್ಕೇನು ಬಿತ್ತು?"

"ಇನ್ನೇನು, ಲೈನಿನವರ ಸೋಪಿನ ನೀರು," ಎಂದರು ಧಣಿ. "ಏಯ್ ತಂಗಮ್ಮ, ನಾಳೆಯಿಂದ ಕೆಲಸಕ್ಕೆ ಬರಬೇಡ. ಮೇಸ್ತ್ರಿ, ಮಣ್ಣನ್ನ ಗುಂಡಿಗೆ ನೂಕಿ ಮುಚ್ಚಿಬಿಡು. ಸಾಕು ಈ ಹುಳ ಸಾಕೋ ಆಟ!"

"ಬಾವಿ ನೀರು ಬಿಟ್ಟು ನಾನೇನೂ ಹಾಕಿಲ್ಲ ಧಣಿ. ಮೇಸ್ತ್ರಿಗಳನ್ನೇ ಕೇಳಿ."

ತಿಮ್ಮಪ್ಪ ನೆಲ ನೋಡಿದ. ತಂಗಮ್ಮ ಕಾದಳು. ಆಮೇಲೆ ಕೊಡವೆತ್ತಿಕೊಂಡು ತಿರುಗಿದಳು. ಆ ಬೆನ್ನನ್ನು ಅವನಿಂದ ನೋಡಲಾಗಲಿಲ್ಲ.

"ಬೋರ್ಡೋ... ನಾನೇ ಹೊಡ್ದಿದ್ದು."

"ಥೂ, ಎಂಥ ಮಾರಾಯ ನೀನು!" ಎಂದರು ಧಣಿ.

ತಂಗಮ್ಮ ನಿಂತಳು. "ಇಷ್ಟೊತ್ತು ಬಾಯಲ್ಲಿ ಎಲೆಯಡಿಕೆ ಕವಳ ಇತ್ತಾ ಮೇಸ್ತ್ರಿಗಳೇ?"

"ಗುಂಡೀಲಿ ಮುಚ್ಚಿದ್ರೆ ವಿಷ ಮತ್ತೆ ಬಾವಿಗೇ ಇಳಿಯತ್ತೆ," ಎಂದಳು ಮೇಘಶ್ರೀ. "ಬೋರ್ಡೋ ಕುಡಿದ ಮೇಲಿನ ಪದರ ಕೆತ್ತಿ ತೆಗೀರಿ. ಒಳಗೆ ಸ್ವಲ್ಪ ಜೀವ ಇದ್ರೂ ಇರ್ಬಹುದು. ಹೊಸ ಸಗಣಿ ಹಾಕಿ ನೋಡಣ. ಆದ್ರೆ ಈ ಮಳೆಗಾಲಕ್ಕಂತೂ ಬಾವಿ ನೀರು ಕುಡಿಯೋ ಹಾಗಾಗಲ್ಲ."

ಇನ್ನು ಮಳೆಗಾಲವೆಲ್ಲ ಲೈನಿನವರಿಗೆ ಜಾರುವ ಹಳ್ಳದ ದಾರಿಯೇ. ತಿಮ್ಮಪ್ಪ ತಂಗಮ್ಮನ ಕೊಡಕ್ಕೆ ಕೈ ಚಾಚಿದ.

ಅವಳು ಕೊಡಲಿಲ್ಲ. ರಾಶಿಯ ಪಕ್ಕದ ಗುದ್ದಲಿಯತ್ತ ಗದ್ದ ತೋರಿಸಿ, ಹಳ್ಳಕ್ಕೆ ಇಳಿದು ಹೋದಳು.