ಬೊಂಬಾಯಿ ಕಾಯಿಲು

ಮಣ್ಣಗುಡ್ಡದಲ್ಲಿ ರೇಡಿಯೋ ಮಾಡುವವರು ಇಬ್ಬರೇ ಇದ್ದೆವು, ನಾನು ಮತ್ತು ಎದುರು ಓಣಿಯ ಆಂಬ್ರೋಸ್ ಪೊರ್ಬುಗಳು. ನಿಜ ಹೇಳಬೇಕೆಂದರೆ ಮಾಡುತ್ತಿದ್ದವನು ನಾನೊಬ್ಬನೇ. ಅವರು ಬೊಂಬಾಯಿಯಿಂದ ಸಿದ್ಧ ಸಾಮಾನು ತರಿಸಿ, ಪೆಟ್ಟಿಗೆಯೊಳಗೆ ಜೋಡಿಸಿ, ಮೀಸೆ ತಿರುವುತ್ತಿದ್ದರು. ನಾನು ಗಾಜಿನ ಬುರುಡೆಯಂಥ ವಾಲ್ವುಗಳನ್ನು ಬಿಟ್ಟು ಉಳಿದದ್ದನ್ನೆಲ್ಲ ಮನೆಯ ಚಾವಡಿಯಲ್ಲೇ ಮಾಡುತ್ತಿದ್ದೆ. ಕಾಯಿಲು, ಅಂದರೆ ಕೇಂದ್ರವನ್ನು ಹಿಡಿಯುವ ತಂತಿಯ ಸುರುಳಿ, ಅದನ್ನಂತೂ ರಟ್ಟಿನ ಕೊಳವೆಯ ಮೇಲೆ ಒಂದೊಂದೇ ಸುತ್ತು ಎಣಿಸಿ ಸುತ್ತುತ್ತಿದ್ದೆ. ಆದರೂ ಜನ ಹೋಗುತ್ತಿದ್ದುದು ಅವರ ಮನೆಗೆ. ಅವರ ರೇಡಿಯೋದಲ್ಲಿ ಮದ್ರಾಸು ಸ್ಪಷ್ಟವಾಗಿ ಕೇಳುತ್ತಿತ್ತು, ನನ್ನದರಲ್ಲಿ ಮದ್ರಾಸಿನ ಜೊತೆ ಇನ್ನೂ ನಾಲ್ಕು ಊರು ಜಗಳವಾಡುತ್ತಿದ್ದವು. ಹೊಟ್ಟೆ ಉರಿಯುತ್ತಿತ್ತು. ಆ ಓಣಿಯಿಂದ ಸುದ್ದಿ ಓದುವ ಸ್ವರ ತೇಲಿ ಬಂದರೆ ನನಗೆ ಊಟ ಸೇರುತ್ತಿರಲಿಲ್ಲ.

ಯುದ್ಧ ಶುರುವಾಗಿ ಎರಡು ವರ್ಷಕ್ಕೆ ಬೊಂಬಾಯಿಯ ಸಾಮಾನು ನಿಂತಿತು. ನನಗೆ ಹಬ್ಬ. ಹಳೆಯ ಸೆಟ್ಟು ಬಿಚ್ಚಿ ವಾಲ್ವು ಹೊಂದಿಸಿಕೊಂಡಾರು, ಕಾಯಿಲಿಗೆ ಏನು ಮಾಡುತ್ತಾರೆ ನೋಡುವ ಎಂದುಕೊಂಡೆ. ನೋಡಿದ್ದೇ ಬಂತು. ಅವರ ರೇಡಿಯೋಗಳ ಸ್ವರ ಮೊದಲಿಗಿಂತಲೂ ಚೊಕ್ಕವಾಯಿತು.

ಒಂದು ದಿನ ಬಂದರಿನ ಕೊಬ್ಬರಿ ವ್ಯಾಪಾರಿ ಮೊಯ್ದೀನಬ್ಬ, ಪೊರ್ಬುಗಳಿಂದ ಕೊಂಡ ಹೊಸ ಸೆಟ್ಟನ್ನು ನನ್ನಲ್ಲಿಗೆ ತಂದರು. ಬ್ಯಾಟರಿಯ ತಂತಿ ಕಳಚಿತ್ತು. ಪೊರ್ಬುಗಳು ಮದುವೆಗೆಂದು ಊರು ಬಿಟ್ಟಿದ್ದರು.

"ಇದನ್ನು ಸರಿಮಾಡಿ, ಮಾಯಿಲಪ್ಪಣ್ಣ. ಅಂಗಡಿಗೆ ಇನ್ನೊಂದು ಬೇಕು ನನಗೆ. ಇದರ ಹಾಗೆ ಸ್ವರ ಬರುವುದಾದರೆ ನೀವೇ ಮಾಡಿ ಕೊಡಿ. ಇಲ್ಲದಿದ್ದರೆ ಪೊರ್ಬುಗಳು ಬರುವವರೆಗೆ ಕಾಯ್ತೇನೆ."

ಅವರು ಹೋದ ಕೂಡಲೇ ಹಿಂಬದಿಯ ಹಲಗೆ ಬಿಚ್ಚಿದೆ. ಕಾಯಿಲಿನ ತುದಿಯನ್ನು ಬಾಳೆನಾರಿನಿಂದ ಬಿಗಿಯಲಾಗಿತ್ತು. ಅದು ಮಲ್ಲಿಗೆ ಕಟ್ಟುವ ಗಂಟು. ನನ್ನ ಹೆಂಡತಿ ಹೇಮಾಕ್ಷಿ ತವರಿನಲ್ಲಿ ಚೆಂಡುಗಟ್ಟಲೆ ಮಲ್ಲಿಗೆ ಕಟ್ಟಿದವಳು. ಮದುವೆಯಾದ ಹೊಸತರಲ್ಲಿ ನನಗೂ ಕಾಯಿಲು ಸುತ್ತಿ ಇದೇ ಗಂಟು ಹಾಕುತ್ತಿದ್ದಳು. ಇದೇನು ಹೂವಿನ ಕೆಲಸವೇ ಎಂದು ಬೈದು, ಎಲ್ಲ ಬಿಚ್ಚಿ ನಾನೇ ಸುತ್ತಿದ್ದೆ. ಆಮೇಲೆ ಅವಳು ತಂತಿ ಮುಟ್ಟಿದ್ದನ್ನು ನೋಡಿರಲಿಲ್ಲ.

"ಇದು ಎಂತ?" ಎಂದು ಅವಳ ಮುಂದೆ ಹಿಡಿದೆ.

"ಕಾಯಿಲು. ಪೊರ್ಬುಗಳ ಮನೆಯ ಆನಿ ಬಾಯಿ ಬಾವಿಕಟ್ಟೆಯಲ್ಲಿ ಕೇಳಿದ್ರು, ಅವರ ಗಂಡನಿಗೆ ಬೇಕು ಅಂತ. ಸುತ್ತಿ ಕೊಟ್ಟೆ."

"ನನ್ನ ಮನೆಯಲ್ಲಿ ಕೂತು ಅವರಿಗೆ?"

"ನೀವು ಬಿಚ್ಚಿ ಹಾಕಿದ್ರಿ. ಅವರು ಕೊಂಡ್ರು."

ನನ್ನ ಸಿಟ್ಟಿನಲ್ಲಿ ವ್ಯಾಪಾರದ ಪಾಲು ಅರ್ಧವೇ. ಅವಳ ಕೈಯ ಬೆಲೆ ನನಗಿಂತ ಮೊದಲು ಆ ಮನುಷ್ಯನಿಗೆ ತಿಳಿಯಿತಲ್ಲ ಎಂಬುದು ಉಳಿದರ್ಧ.

"ಪೊರ್ಬುಗಳು ಎಂತ ಹೇಳಿದ್ರು?" ಕೇಳದೆ ಇರಲು ಆಗಲಿಲ್ಲ.

"ಬೊಂಬಾಯಿಯದ್ದಕ್ಕಿಂತ ಒಳ್ಳೆಯದುಂಟು ಅಂದ್ರಂತೆ." ಅವಳ ಮುಖ ಅರಳಿತು. ನನ್ನೆದುರು ಆ ಮುಖ ಹಾಗೆ ಅರಳಿ ಎಷ್ಟು ಕಾಲವಾಗಿತ್ತೋ.

ಮೊಯ್ದೀನಬ್ಬರ ಕೆಲಸ ಬಿಡುವ ಹಾಗಿರಲಿಲ್ಲ. ಎರಡು ದಿನ ಮುಖ ಗಂಟು ಹಾಕಿಕೊಂಡು ತಿರುಗಿ, ಮೂರನೆಯ ದಿನ "ನನಗೂ ಒಂದು ಸುತ್ತಿ ಕೊಡ್ತೀಯಾ?" ಎಂದೆ. ಅವಳು ಕೂತು ಸುತ್ತಿದಳು. ಈ ಸಲ ನಾನು ಬಿಚ್ಚಲಿಲ್ಲ.

ಮೊಯ್ದೀನಬ್ಬ ಬಂದಾಗ ಮದ್ರಾಸು ಒಂದೇ ಒಂದು, ಕೋಣೆಯಲ್ಲೇ ಕೂತು ಮಾತಾಡಿದಷ್ಟು ಸ್ಪಷ್ಟವಾಗಿ ಬಂತು.

"ಪೊರ್ಬುಗಳದ್ದರಿಂದಲೂ ಲಾಯ್ಕ ಉಂಟಲ್ಲ ಮಾರಾಯ್ರೇ! ಇಷ್ಟು ದಿನ ಇಲ್ಲದ್ದು ಈಗ ಹೇಗೆ? ಕಾಯಿಲು ಯಾರು ಮಾಡಿದ್ದು?"

ಬೆಲ್ಲ ನೀರು ಹಿಡಿದು ಬಾಗಿಲಲ್ಲಿ ನಿಂತಿದ್ದ ಹೇಮಾಕ್ಷಿ ನನ್ನನ್ನೇ ನೋಡುತ್ತಿದ್ದಳು. ಹೇಳಬೇಕಾದದ್ದು ಅವಳ ಹೆಸರು ಮಾತ್ರ. ಹೇಳಿದರೆ ನಾಳೆ ಬಂದರಿಡೀ ಅವಳದ್ದೇ ಹೊಗಳಿಕೆ, ನಾನು ಬರೇ ಪೆಟ್ಟಿಗೆ ಹೊರುವವನು. ಪೊರ್ಬುಗಳ ಮೇಲಿದ್ದ ಹೊಟ್ಟೆಕಿಚ್ಚು ಆ ಕ್ಷಣ ಅವಳ ಕಡೆಗೆ ತಿರುಗಿತು.

"ಕೊಂಡದ್ದು," ಎಂದೆ. ಜನ್ಮದಲ್ಲಿ ಹೇಳದಿದ್ದ ಮಾತು. "ಬೊಂಬಾಯಿಯದ್ದು."

ಹೇಮಾಕ್ಷಿ ಬೆಲ್ಲ ನೀರನ್ನು ಅವರ ಮುಂದಿಟ್ಟಳು.

"ಹೌದು ಸಾಹುಕಾರ್ರೇ, ಬೊಂಬಾಯಿಯದ್ದು," ಎಂದಳು. "ಇನ್ನು ಮುಂದೆ ಇವರಿಗೆ ಅಂಥದ್ದು ಒಂದೂ ಬರುವುದಿಲ್ಲ."